ಒಂದು ಬಾತುಕೋಳಿ, ಎರಡು ಮರಿ

‘ಕ್ಯಾಮೆರಾ ಬೆವರುತ್ತಿದೆ. ಹೊರಗಲ್ಲ, ಗಾಜಿನ ಒಳಗೆ. ಒರೆಸಿದರೆ ಹೋಗುವುದಿಲ್ಲ. ಯಾರಿಗಾದರೂ ಹೇಳಬೇಕು. ನಾಳೆ ಹೇಳುತ್ತೇನೆ.’

ಮಧ್ಯಾಹ್ನದ ಬಿಡುವಿನಲ್ಲಿ, ಪೇರಿಸಿಟ್ಟ ಹಣ್ಣಿನ ಕ್ರೇಟುಗಳ ಹಿಂದೆ ಕೂತು ಡೈರಿಯಲ್ಲಿ ಇಷ್ಟು ಬರೆದು, ‘ನಾಳೆ’ಯ ಕೆಳಗೆ ಎರಡು ಗೆರೆ ಎಳೆದು, ಅವಳು ಊಟದ ಡಬ್ಬಿಯ ಮುಚ್ಚಳ ತೆಗೆದಳು. ಆ ಡೈರಿಯನ್ನು ಹಿಂದಕ್ಕೆ ತಿರುವಿದರೆ ಇಂಥ ಎರಡು ಗೆರೆಯ ನಾಳೆಗಳು ಪುಟಕ್ಕೊಂದರಂತೆ ಸಿಗುತ್ತಿದ್ದವು. ಟೈಲರು ಅಂಗಿಯ ಒಂದು ತೋಳನ್ನು ಗಿಡ್ಡ ಹೊಲಿದದ್ದನ್ನು ನಾಳೆ ಹೇಳಬೇಕು. ತನ್ನ ಛತ್ರಿಯನ್ನು ಲೈಬ್ರರಿಯ ಹೆಂಗಸು ಎರಡು ವರ್ಷದಿಂದ ಹಿಡಿದು ಓಡಾಡುತ್ತಿರುವುದನ್ನು ನಾಳೆ ಹೇಳಬೇಕು. ಬಸ್ಸಿನಲ್ಲಿ ‘ಇಲ್ಲಿ ಇಳೀತೀನಿ’ ಅನ್ನಲು ನಾಚಿ, ತನ್ನ ಸ್ಟಾಪು ದಾಟಿ, ಬೇರೆ ಯಾರಾದರೂ ಇಳಿಯುವ ತನಕ ಕಾದು, ಅಲ್ಲಿಂದ ಹಿಂದಕ್ಕೆ ನಡೆದು ಬರುವುದು ಅವಳಿಗೆ ಎಷ್ಟು ರೂಢಿಯಾಗಿತ್ತೆಂದರೆ, ಮನೆಯವರು ಅದನ್ನು ವ್ಯಾಯಾಮವೆಂದೇ ತಿಳಿದಿದ್ದರು.

ಅವಳು ಬೆಳೆದದ್ದು ದೊಡ್ಡಪ್ಪನ ಮನೆಯಲ್ಲಿ. ದೊಡ್ಡಪ್ಪನಿಗೆ ಊರಿನ ಪಡುವಣ ಅಂಚಿನಲ್ಲಿ ನಲವತ್ತೆರಡು ಮರಗಳ ಸೇಬಿನ ತೋಟವಿತ್ತು. ಅದರಲ್ಲಿ ನಲವತ್ತೊಂದನ್ನು ಅವರೇ ಕೈಯಾರೆ ಕಸಿ ಕಟ್ಟಿದ್ದು. ಆ ನಲವತ್ತೊಂದಕ್ಕೂ ರೆಂಬೆ ಕೊಟ್ಟ ತಾಯಿಮರ ಬಾವಿಯ ಪಕ್ಕ ನಿಂತಿತ್ತು. ಅದನ್ನು ಅವರು ಮುದುಕಿ ಎಂದು ಕರೆಯುತ್ತಿದ್ದರು. “ಮುದುಕಿ ಈ ಸಲ ಒಳ್ಳೇ ಚಿಗುರಿದ್ದಾಳೆ” ಎಂದು ಅವರು ಊಟಕ್ಕೆ ಕೂತಾಗ ಹೇಳಿದರೆ, ಮನೆಗೆ ಬಂದ ಹೊಸಬರು ಗಾಬರಿಯಾಗಿ ದೊಡ್ಡಮ್ಮನ ಮುಖ ನೋಡುತ್ತಿದ್ದರು.

ಸಸ್ಯಶಾಸ್ತ್ರದಲ್ಲಿ ಪದವಿ ಮುಗಿಸಿದ ಮೇಲೆ ಅವಳಿಗೆ ಹಣ್ಣು ಬೆಳೆಗಾರರ ಸೊಸೈಟಿಯಲ್ಲಿ ಕೆಲಸ ಸಿಕ್ಕಿತು. ಸಿಕ್ಕಿದ ರೀತಿ ಹೀಗೆ. ಮ್ಯಾನೇಜರು, “ಕ್ಯಾಮೆರಾ ಹಿಡಿದು ಅಭ್ಯಾಸ ಇದೆಯೇನಮ್ಮ?” ಎಂದು ಕೇಳಿದರು. ಇಲ್ಲ ಎನ್ನಬೇಕೆಂದು ಅವಳು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವರು “ಒಳ್ಳೇದು” ಎಂದು ಬರೆದುಕೊಂಡರು. ಬರೆದುಕೊಂಡವರನ್ನು ತಡೆಯುವ ಜಾತಿಯವಳಲ್ಲ ಅವಳು.

ಮ್ಯಾನೇಜರು ಯಾವುದೋ ಸಮಾವೇಶಕ್ಕೆ ಹೋಗಿ, ಎರಡು ದಿನ ಊಟ ಮಾಡಿ, ಬರುವಾಗ ಒಂದು ಯಂತ್ರದ ಕನಸು ಕಟ್ಟಿಕೊಂಡು ಬಂದಿದ್ದರು. ಸೇಬಿನ ಎಲೆಗೆ ಬೂಷ್ಟಿನ ರೋಗ ತಗುಲಿದರೆ ಕಣ್ಣಿಗೆ ಚುಕ್ಕೆ ಕಾಣುವುದು ಎಷ್ಟೋ ದಿನಗಳ ಮೇಲೆ. ಆದರೆ ಎಲೆ ಒಳಗೊಳಗೇ ಸೊರಗತೊಡಗಿದಾಗಲೇ ಅದರ ಮೇಲಿಂದ ಪುಟಿಯುವ ಬೆಳಕು ಬದಲಾಗುತ್ತದೆ. ನಮ್ಮ ಕಣ್ಣು ಹಿಡಿಯಲಾರದ ಆ ಬೆಳಕನ್ನು ಈ ಕ್ಯಾಮೆರಾ ಹಿಡಿಯುತ್ತದೆ. ಚಿತ್ರವನ್ನು ಕಂಪ್ಯೂಟರಿಗೆ ಹಾಕಿದರೆ ಆರೋಗ್ಯದ ಎಲೆ ಹಸಿರು, ಅನುಮಾನದ್ದು ಹಳದಿ, ರೋಗದ್ದು ಕೆಂಪು. ಇದರಲ್ಲಿ ಸುಳ್ಳೇನೂ ಇರಲಿಲ್ಲ. ಯಂತ್ರ ಒಳ್ಳೆಯದೇ. ಯಂತ್ರಗಳು ಸಾಮಾನ್ಯವಾಗಿ ಒಳ್ಳೆಯವೇ ಆಗಿರುತ್ತವೆ. ಅವನ್ನು ಎಲ್ಲಿ ಇಡುವುದು ಎಂಬ ಪ್ರಶ್ನೆ ಎದ್ದಾಗ ಮನುಷ್ಯರು ನಡುವೆ ಬರುತ್ತಾರೆ.

ಡಬ್ಬದ ಮೇಲೆ ‘ತಂಪಾದ, ತೇವವಿಲ್ಲದ ಜಾಗದಲ್ಲಿಡಿ’ ಎಂದು ಬರೆದಿತ್ತು. ಮ್ಯಾನೇಜರು ಮೊದಲ ಪದವನ್ನು ಓದಿ ತೃಪ್ತರಾದರು. ಸೊಸೈಟಿಯಲ್ಲಿ ತಂಪಾದ ಜಾಗವೂ ಗಟ್ಟಿ ಬೀಗದ ಜಾಗವೂ ಒಂದೇ, ಹಣ್ಣು ಪೇರಿಸುವ ಕೋಲ್ಡ್ ರೂಮು. ಅದರ ಗೋಡೆಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ನೀರು ಜಿನುಗುತ್ತಿರುತ್ತದೆ.

“ದಿನಾ ಸಾಯಂಕಾಲ ಅಲ್ಲಿಟ್ಟು ಬೀಗ ಹಾಕು. ಸೇಬು ಆರು ತಿಂಗಳು ಕೆಡಲ್ಲ ಅಲ್ಲಿ. ಕ್ಯಾಮೆರಾ ಕೆಟ್ಟುಹೋಗುತ್ತಾ?” ಎಂದರು.

ಚಳಿಯ ಒದ್ದೆಯಿಂದ ಬಿಸಿಲಿಗೆ, ಬಿಸಿಲಿಂದ ಮತ್ತೆ ಒದ್ದೆಗೆ ಓಡಾಡುವ ಗಾಜಿನ ಗತಿ ಏನಾಗುತ್ತದೆಂದು ಸಸ್ಯಶಾಸ್ತ್ರ ಓದಿದವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. “ಸರಿ ಸರ್” ಎಂದಳು.

ಬಾಗಿಲಿಗೆ ‘ಪೂರ್ವಭಾವಿ ರೋಗದರ್ಶನ ಕೇಂದ್ರ’ ಎಂಬ ಬೋರ್ಡು ಬಿತ್ತು. ಕೇಂದ್ರವೆಂದರೆ ತೂಕದ ಯಂತ್ರದ ಪಕ್ಕ ಒಂದು ಮೇಜು, ಒಂದು ಕಂಪ್ಯೂಟರು, ಅವಳು. ಮೊದಲ ಮೂರು ತಿಂಗಳು ಯಾವ ತೋಟದ ಚಿತ್ರ ಹಾಕಿದರೂ ಹಸಿರೇ ಹಸಿರು. ಬೆಳೆಗಾರರು ಖುಷಿಯಾಗಿದ್ದರು, ಮ್ಯಾನೇಜರು ಸೊರಗಿದರು. ರೋಗ ಸಿಗದ ರೋಗದರ್ಶನ ಕೇಂದ್ರವನ್ನು ಮೇಲಿನವರಿಗೆ ಹೇಗೆ ತೋರಿಸುವುದು? “ಸರಿಯಾಗಿ ನೋಡಮ್ಮ” ಎಂದು ಅವರು ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಗದರುವುದು ಶುರುವಾಯಿತು. ಕ್ಯಾಮೆರಾ ಬೆವರಿದ್ದು ಆ ದಿನಗಳಲ್ಲಿ.

ಅದಾದ ಮೂರನೆಯ ವಾರಕ್ಕೆ ಕೆಂಪು ಬಂತು.

ತೋಟ ಪಕ್ಕದ ಮನೆಯ ನಿವೃತ್ತ ಮೇಷ್ಟ್ರದ್ದು. ಚಿತ್ರದ ಮೇಲಿನ ಎಡಮೂಲೆಯಲ್ಲಿ ಒಂದು ದೊಡ್ಡ ಕೆಂಪು ಚುಕ್ಕೆ, ಅದರ ಹಿಂದೆ ಸಾಲಾಗಿ ಎರಡು ಚಿಕ್ಕವು. ಮರಿಗಳನ್ನು ಹಿಂದಿಟ್ಟುಕೊಂಡು ನೀರಲ್ಲಿ ತೇಲುವ ಬಾತುಕೋಳಿಯ ಹಾಗೆ. ಮ್ಯಾನೇಜರು ಪರದೆಗೆ ಮೂಗು ತಾಗುವಷ್ಟು ಬಗ್ಗಿ, ಕಳೆದುಹೋದ ಉಂಗುರ ಸಿಕ್ಕವರಂತೆ, “ಸಿಕ್ತು” ಎಂದರು.

ಮರುದಿನ ಬೆಳಗ್ಗೆ ಮೇಷ್ಟ್ರು ಒಂದು ಕೊಂಬೆಯನ್ನೇ ಮುರಿದು ತಂದು ಮೇಜಿನ ಮೇಲೆ ಹಾಕಿದರು.

“ನೋಡಿ ಸ್ವಾಮಿ, ಎಲೆ ಕನ್ನಡಿ ಇದ್ದ ಹಾಗಿದೆ. ಎಲ್ಲಿದೆ ರೋಗ, ತೋರಿಸಿ.”

“ಕಾಣಿಸ್ತಿಲ್ಲ ಅಲ್ವಾ?” ಎಂದರು ಮ್ಯಾನೇಜರು.

“ಇಲ್ಲ.”

“ಒಂದು ಚುಕ್ಕೆನೂ ಇಲ್ಲ?”

“ಒಂದೂ ಇಲ್ಲ.”

“ಅದೇ ಮೇಷ್ಟ್ರೇ. ಕಾಣಿಸದೇ ಇರೋದೇ ಮೊದಲನೇ ಹಂತ. ಕಾಣಿಸಿಬಿಟ್ರೆ ಅದು ಎರಡನೇದು.”

ಮೇಷ್ಟ್ರು ಮೂವತ್ತು ವರ್ಷ ಲೆಕ್ಕದ ಪಾಠ ಹೇಳಿದವರು. ಕೊಂಬೆಯನ್ನು ತಿರುಗಿಸಿ ಮುರುಗಿಸಿ ನೋಡಿ, “ಹಾಗಾದ್ರೆ ರೋಗ ಇಲ್ಲದ ಎಲೆ ಹೇಗಿರುತ್ತೆ?” ಎಂದರು.

“ಥೇಟ್ ಹೀಗೇ ಇರುತ್ತೆ” ಎಂದರು ಮ್ಯಾನೇಜರು, ಅಪಾರ ಮರುಕದಿಂದ. “ಅದಕ್ಕೇ ಅಲ್ವಾ ನಿಮಗೆ ಗೊತ್ತಾಗದೇ ಇರೋದು.”

ಒಂದು ವಾರದಲ್ಲಿ ಹನ್ನೊಂದು ತೋಟಗಳಿಗೆ ರೋಗ ಬಂತು. ತೋಟ ಯಾವುದಾದರೇನು, ಎಡಮೂಲೆಯಲ್ಲಿ ಅದೇ ಬಾತುಕೋಳಿ, ಅವೇ ಮರಿಗಳು. “ಎಲ್ಲರದ್ದೂ ಒಂದೇ ಥರ ಇದೆಯಲ್ಲ” ಎಂದು ಮೇಷ್ಟ್ರು ಬೆಳೆಗಾರರ ಸಭೆಯಲ್ಲಿ ಎದ್ದು ನಿಂತರು. “ಸಿಡುಬು ಬಂದ್ರೆ ನಿಮಗೊಂದು ಡಿಸೈನು ನಿಮ್ಮ ತಮ್ಮನಿಗೊಂದು ಡಿಸೈನು ಬರುತ್ತಾ?” ಎಂದು ಮ್ಯಾನೇಜರು ಕೂರಿಸಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜನ ಎಲ್ಲ ಕಡೆಯೂ ಇರುತ್ತಾರೆ. ಸಭೆಯಲ್ಲಿ ನಾಲ್ಕು ಜನ ತಾವಾಗಿಯೇ ಎದ್ದು, ತಮ್ಮ ಮರಗಳೂ ಯಾಕೋ ಸಪ್ಪಗಿವೆ ಎಂದರು.

ಇತ್ತ ಮನೆಯಲ್ಲಿ ದೊಡ್ಡಮ್ಮನ ಕಾಲು ನೆಲದ ಮೇಲಿರಲಿಲ್ಲ. ಬೀದಿಯ ಕೊಳಾಯಿಯ ಬಳಿ, ಅಂಗಡಿಯಲ್ಲಿ, ಬಟ್ಟೆ ಒಣಹಾಕುವ ತಂತಿಯ ಈಚೆಯಿಂದ ಆಚೆಗೆ, ಅವರದು ಒಂದೇ ಮಾತು. “ನಮ್ಮ ಹುಡುಗಿ ನೋಡಿದ್ರೆ ಸಾಕು ರೀ, ಒಳಗೇನಿದೆ ಅಂತ ಹೇಳಿಬಿಡ್ತಾಳೆ.” ಬಾಯಲ್ಲಿ ಬೆರಳಿಟ್ಟರೂ ಕಚ್ಚಲಾರದ ಹುಡುಗಿ ‘ಹೇಳಿಬಿಡುತ್ತಾಳೆ’ ಎಂಬುದು ಬೀದಿಗೆ ಹೊಸ ಸುದ್ದಿ. ಭಾನುವಾರ ಬೆಳಗಾಗುವಷ್ಟರಲ್ಲಿ ಜಗುಲಿಯ ಮುಂದೆ ಸರತಿ ನಿಂತಿತ್ತು. ಕುಂಡದ ಗಿಡ ಹೊತ್ತವರು, ಕೊಳೆತ ಟೊಮೇಟೊ ತಂದವರು, ತುರಿಕೆಯ ಮೊಣಕೈ ಚಾಚಿದವರು. ತಪಾಸಣೆಯ ಹಂಗಾಮಾದ್ದರಿಂದ ಅಂದು ಕ್ಯಾಮೆರಾ ಮನೆಗೇ ಬಂದಿತ್ತು.

ಎಲ್ಲರಿಗಿಂತ ಮುಂದೆ ಬೀದಿಕೊನೆಯ ಕ್ಷೌರದಂಗಡಿಯವನು. ಟೋಪಿ ತೆಗೆದು ಬೋಳು ತಲೆಯನ್ನು ಬಗ್ಗಿಸಿ, “ಹತ್ತು ವರ್ಷ ಆಯ್ತಮ್ಮ. ಬೇರೆಯವರ ತಲೆ ನೋಡಿ ಸಾಕಾಗಿದೆ. ನಂದರಲ್ಲಿ ಒಳಗೆ ಏನಾದ್ರೂ ಮೊಳಕೆ ಗಿಳಕೆ ಇದೆಯಾ ನೋಡಿಬಿಡು” ಎಂದ.

“ಇದು ಎಲೆಗೆ...” ಎಂದಳು ಅವಳು.

“ತೆಗಿಯೇ, ಪಾಪ ಕೇಳ್ತಾನೆ” ಎಂದರು ದೊಡ್ಡಮ್ಮ.

ತೆಗೆದಳು. ಕ್ಯಾಮೆರಾದ ಹಿಂದಿನ ಪುಟ್ಟ ಪರದೆಯಲ್ಲಿ ಕ್ಷೌರದಂಗಡಿಯವನ ತಲೆ ಬೆಳ್ಳಗೆ ಕೊಳದಂತೆ ಹರಡಿತ್ತು. ಆ ಕೊಳದ ಎಡಮೂಲೆಯಲ್ಲಿ, ಮಬ್ಬಾಗಿ, ಒಂದು ಬಾತುಕೋಳಿ ಎರಡು ಮರಿಗಳ ಜೊತೆ ತೇಲುತ್ತಿತ್ತು.

“ಏನಾದ್ರೂ ಇದೆಯಾ?” ಎಂದ ಅವನು, ಬಗ್ಗಿದಲ್ಲಿಂದಲೇ.

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಸುಣ್ಣ ಬಳಿದ ಗೋಡೆಯ ಚಿತ್ರ ತೆಗೆದಳು. ಬಾತುಕೋಳಿ ಇತ್ತು. ಹಾಸಿಗೆಯ ಮೇಲಿನ ಹೊದಿಕೆ, ಇತ್ತು. ಕಾಲೇಜಿನ ಕಾಲದ ಭೂತಗನ್ನಡಿ ಹುಡುಕಿ, ಲೆನ್ಸನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಬಗ್ಗಿ ನೋಡಿದಳು. ಗಾಜಿನ ಒಳಮೈಯಲ್ಲಿ ಜೇಡರ ಬಲೆಯಂಥ ಬೂದು ಎಳೆಗಳು ಕವಲೊಡೆದು, ಕವಲಿನಲ್ಲಿ ಮತ್ತೆ ಕವಲೊಡೆದು, ಮೂರು ಗುಂಪಾಗಿ ಕೂತಿದ್ದವು. ಈ ಎಳೆಗಳ ಚಿತ್ರವನ್ನೇ ಅವಳು ಕೊನೆಯ ವರ್ಷದ ಪರೀಕ್ಷೆಯಲ್ಲಿ ಭಾಗಗಳನ್ನು ಗುರುತಿಸಿ ಬರೆದದ್ದು. ಬೂಷ್ಟು. ಹನ್ನೊಂದು ತೋಟಗಳಲ್ಲಿ ಎಲ್ಲೂ ಇಲ್ಲದ್ದು, ಅದನ್ನು ಹಿಡಿಯಲೆಂದು ತಂದ ಕಣ್ಣಲ್ಲೇ ಮನೆ ಮಾಡಿಕೊಂಡಿತ್ತು. ತನ್ನ ತಟ್ಟೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದ ತಟ್ಟೆಯ ನೊಣ ಎಣಿಸುವವರ ಕಥೆಯನ್ನು ನಾವು ಕೇಳಿದ್ದೇವೆ. ಹೆಗ್ಗಣವನ್ನೇ ಕನ್ನಡಕವಾಗಿ ಹಾಕಿಕೊಂಡು ನೊಣ ಎಣಿಸಿದ್ದು ಇದೇ ಮೊದಲು.

ಡೈರಿಯಲ್ಲಿ ಬರೆದಳು: ‘ನಾನು ಬದುಕಿನಲ್ಲಿ ಕಣ್ಣಾರೆ ಕಂಡು ಗುರುತಿಸಿದ ಮೊದಲ ರೋಗ ಇದು. ಮ್ಯಾನೇಜರಿಗೆ ಹೇಳಬೇಕು. ನಾಳೆ.’ ಈ ಸಲ ಮೂರು ಗೆರೆ.

ನಾಳೆ ಬಂತು. ಹೇಳುವುದನ್ನು ಬಾಯಿಪಾಠ ಮಾಡಿಕೊಂಡು, ಗೋಡೆಯ ಚಿತ್ರವನ್ನು ಕಾಗದದ ಮೇಲೆ ತೆಗೆಸಿಕೊಂಡು ಅವಳು ಮ್ಯಾನೇಜರ ಮೇಜಿನ ಮುಂದೆ ನಿಂತಳು. ಅವರು ಫೋನಿನಲ್ಲಿ ಸಸ್ಯರೋಗ ಇಲಾಖೆಯ ಅಧಿಕಾರಿಯ ಜೊತೆ ಮಾತಾಡುತ್ತಿದ್ದರು. ಹತ್ತು ನಿಮಿಷದ ಮೇಲೆ ಕೈ ಚಾಚಿದರು.

“ಏನಿದು?”

“ಸರ್, ಇದು ಗೋಡೆ.”

“ಗೋಡೆನಾ?”

“ಹೌದು ಸರ್. ಗೋಡೆ ಮೇಲೂ...”

ಮುಂದಿನ ವಾಕ್ಯ ಸಿದ್ಧವಾಗಿತ್ತು. ‘ಗೋಡೆ ಮೇಲೂ ಕಾಣಿಸ್ತಿದೆ ಅಂದ್ರೆ ತಪ್ಪು ಕ್ಯಾಮೆರಾದಲ್ಲಿದೆ.’ ಆದರೆ ಅಷ್ಟು ಉದ್ದದ ವಾಕ್ಯ ಮುಗಿಯುವ ತನಕ ಕಾಯುವ ಮ್ಯಾನೇಜರು ಯಾವ ಸೊಸೈಟಿಯಲ್ಲಿದ್ದಾರೆ? ಅವರ ಮುಖ ಬಿಳಿಚಿತು. ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದರು.

“ಗೋಡೆಗೂ ಬಂತಾ.”

“ಅಲ್ಲ ಸರ್...”

“ಯಾರಿಗೂ ಹೇಳಬೇಡ. ಜನ ಹೆದರ್ತಾರೆ.”

ಅದೇ ಮಧ್ಯಾಹ್ನ ಇಬ್ಬರು ಆಳುಗಳು ಬೆನ್ನಿಗೆ ಔಷಧಿಯ ಡಬ್ಬ ಕಟ್ಟಿಕೊಂಡು ಸೊಸೈಟಿಯ ನಾಲ್ಕೂ ಗೋಡೆಗೆ ಬೂಷ್ಟುನಾಶಕ ಸಿಂಪಡಿಸಿದರು. ಗುಮಾಸ್ತೆಯ ಊಟದ ಡಬ್ಬಿಗೂ ಒಂದು ಸುತ್ತು ಬಿತ್ತು. ಸಂಜೆ ಮ್ಯಾನೇಜರು ಮತ್ತೆ ಚಿತ್ರ ತೆಗೆಸಿದರು. ಬಾತುಕೋಳಿ ಇದ್ದಲ್ಲೇ ಇತ್ತು. ಹಿಂದೆ ಈಗ ಮೂರು ಮರಿ.

“ಹಠಮಾರಿ ರೋಗ” ಎಂದರು ಮ್ಯಾನೇಜರು, ಭಯದ ಜೊತೆಗೆ ಸ್ವಲ್ಪ ಹೆಮ್ಮೆಯಿಂದಲೂ.

ಮರುದಿನ ಅವಳು ಒಂದು ಚೀಟಿ ಬರೆದು ಅವರ ಮೇಜಿನ ಮೇಲಿಟ್ಟಳು. ಅದರ ಮೇಲೆ ಅವರು ಟೀ ಲೋಟ ಇಟ್ಟರು. ಅದರ ಮರುದಿನ ಕೋಲ್ಡ್ ರೂಮಿನ ಕಾವಲಿನವನಿಗೆ ಹೇಳಿದರೆ ಅವನು ಹೇಳಿಯಾನು ಎಂದು ಅತ್ತ ಹೋದಳು. ಅವನು ಅವಳನ್ನು ನೋಡಿದ್ದೇ ತನ್ನ ಮಗಳ ಮದುವೆಯ ತೊಂದರೆಗಳನ್ನೆಲ್ಲ ಮುಕ್ಕಾಲು ಗಂಟೆ ಹೇಳಿ, “ನಿನ್ನ ಹತ್ರ ಮಾತಾಡಿದ್ರೆ ಮನಸ್ಸು ಹಗುರಾಗುತ್ತಮ್ಮ” ಎಂದ. ಅವಳು ಒಂದು ಮಾತೂ ಆಡಿರಲಿಲ್ಲ. ಡೈರಿಯಲ್ಲಿ ನಾಳೆಗಳು ಸಾಲುಗಟ್ಟಿದವು.

ಬೂಷ್ಟು ಕಂಡ ಐದನೆಯ ದಿನ ತಪಾಸಣೆಯ ಪಟ್ಟಿಯಲ್ಲಿ ದೊಡ್ಡಪ್ಪನ ತೋಟ ಬಂತು.

ದೊಡ್ಡಪ್ಪ ಹಿಂದಿನ ದಿನವೇ ಮರಗಳ ಬುಡ ಗುಡಿಸಿ, ಒಣಕಲು ಕಡ್ಡಿ ಆಯ್ದು, ಫೋಟೋಗೆ ಮಕ್ಕಳನ್ನು ಸಿದ್ಧಮಾಡುವಂತೆ ಮಾಡಿದ್ದರು. “ಮುದುಕಿದು ಮೊದಲು ತೆಗಿ, ಕಾಯಿಸಬೇಡ, ವಯಸ್ಸಾಗಿದೆ” ಎಂದು ನಕ್ಕರು. ಈ ಹೊತ್ತು ಬಾಯಿಬಿಟ್ಟಿದ್ದರೆ ಈ ಕಥೆ ಇಲ್ಲಿಗೇ ಮುಗಿದು ಎಲ್ಲರೂ ಟೀ ಕುಡಿಯಬಹುದಿತ್ತು. ಆದರೆ ಮಾತಾಡದೆ ಬದುಕುವವರಿಗೆ ಮಾತಾಡದೆ ಪಾರಾಗುವ ಉಪಾಯಗಳು ಬಹಳ ಹೊಳೆಯುತ್ತವೆ. ಅವಳು ಮಂಡಿಯೂರಿ ಕೂತು, ಕ್ಯಾಮೆರಾದ ಮೂತಿಯನ್ನು ಮೇಲಕ್ಕೆತ್ತಿ, ಎಡಮೂಲೆಯಲ್ಲಿ ಬರಿಯ ಆಕಾಶ ಬರುವ ಹಾಗೆ ಹಿಡಿದಳು. ಬಾತುಕೋಳಿ ಮರಿಗಳ ಸಮೇತ ಮುದುಕಿಯ ನೆತ್ತಿಯಿಂದ ಹಾರಿ ನೀಲಿಗೆ ಹೋಯಿತು. ನಲವತ್ತೆರಡು ಮರಕ್ಕೂ ಹೀಗೆಯೇ ಮಂಡಿಯೂರಿದಳು. ಎಲೆಗಳೆಲ್ಲ ಹಸಿರು. ಆ ದಿನ ಅವಳು ಡಬ್ಬಿಯ ಊಟವನ್ನು ಪೂರ್ತಿ ಮುಗಿಸಿದಳು.

ಆಕಾಶ ಯಾವುದು ಎಲೆ ಯಾವುದು ಎಂದು ಕಂಪ್ಯೂಟರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

“ಇದೇನು?” ಎಂದರು ಮ್ಯಾನೇಜರು. ಪರದೆಯ ಮೇಲೆ ಮುದುಕಿ ಹಚ್ಚಗೆ ನಿಂತಿದ್ದಳು. ಅವಳ ತಲೆಯ ಮೇಲೆ, ನಿರ್ಮಲ ಆಕಾಶದಲ್ಲಿ, ಕೆಂಪು ಉರಿಯುತ್ತಿತ್ತು. ಎರಡನೆಯ ಮರ, ಹಾಗೇ. ಇಪ್ಪತ್ತನೆಯ ಮರ, ಹಾಗೇ. “ಬೇರೆಯವರಿಗೆಲ್ಲ ಎಲೆಯಲ್ಲಿದೆ. ನಿಮ್ಮ ದೊಡ್ಡಪ್ಪನ ತೋಟದಲ್ಲಿ ಮಾತ್ರ ಗಾಳಿಯಲ್ಲಿದೆ. ಏನಮ್ಮ ಇದರ ಅರ್ಥ?”

ಅರ್ಥ ಅವಳ ನಾಲಿಗೆಯ ತುದಿಯಲ್ಲಿತ್ತು. ಅವಳ ನಾಲಿಗೆಯ ತುದಿ ಬಹಳ ವಿಶಾಲ. ಏನು ಬೇಕಾದರೂ ಅಲ್ಲಿ ಎಷ್ಟು ದಿನ ಬೇಕಾದರೂ ಇರಬಹುದಿತ್ತು.

ಅರ್ಥ ಹೇಳಿದವರು ಎಂಟನೆಯ ದಿನ ಬಂದ ಅಧಿಕಾರಿ. ಕಲೆಯೊಂದಿಲ್ಲದ ಬಿಳಿ ಶರ್ಟು, ಜೇಬಿನಲ್ಲಿ ಎರಡು ಪೆನ್ನು, ಯಾವುದನ್ನೂ ಎರಡು ಸಲ ನೋಡದ ಕಣ್ಣು. ಚಿತ್ರಗಳನ್ನು ಇಸ್ಪೀಟಿನಂತೆ ಮೇಜಿನ ಮೇಲೆ ಹರಡಿ ಕೇಳಿದರು.

“ಈ ತೋಟ ಯಾವ ದಿಕ್ಕಲ್ಲಿದೆ?”

“ಪಶ್ಚಿಮಕ್ಕೆ ಸರ್” ಎಂದರು ಮ್ಯಾನೇಜರು.

“ಗಾಳಿ ಎಲ್ಲಿಂದ ಬೀಸುತ್ತೆ?”

“ಪಶ್ಚಿಮದಿಂದಲೇ ಸರ್.”

“ಮುಗೀತಲ್ಲ. ಮರಕ್ಕೇನೂ ಆಗಿಲ್ಲ. ಮರದ ಮೇಲಿನ ಗಾಳಿ ತುಂಬ ರೋಗ. ಅಂದ್ರೆ ಈ ಮರಗಳು ರೋಗಾನ ಹೊರಗೆ ಬಿಡ್ತಿವೆ. ತಾವು ಚೆನ್ನಾಗಿದ್ಕೊಂಡು ಊರಿಗೆಲ್ಲ ಹಂಚ್ತಿವೆ.” ಅವರು ಪೆನ್ನಿನ ಮುಚ್ಚಳ ತೆಗೆದರು. “ಮೂಲ ಇದು. ನಲವತ್ತೆರಡನ್ನೂ ಕಡಿದು ಸುಡಬೇಕು. ಮೊದಲು ತಾಯಿಮರ. ಚಿತ್ರ ತೆಗೆದವರು ಯಾರು?”

“ಇವಳೇ ಸರ್. ಆ ತೋಟದವರ ಮಗಳೇ. ಸ್ವಂತ ಮನೆದು ಅಂತ ಮುಚ್ಚಿಟ್ಟಿಲ್ಲ ನೋಡಿ.”

ಅಧಿಕಾರಿಗಳು ಮೊದಲ ಸಲ ತಲೆಯೆತ್ತಿ ಅವಳನ್ನು ಗೌರವದಿಂದ ನೋಡಿದರು. “ಇಂಥವರು ಬೇಕು ನಮಗೆ. ಇಲ್ಲಿ ಸಹಿ ಹಾಕಮ್ಮ.”

ಅವಳು ಪೆನ್ನು ಹಿಡಿದುಕೊಂಡು ನಿಂತಳು. ಹಿಂದೆ ಇನ್ನೊಬ್ಬ ಬೆಳೆಗಾರ ತೂಕದ ಚೀಟಿಗೆ ಕಾಯುತ್ತಿದ್ದ. ಅವನು ಕೆಮ್ಮಿದ. ತನ್ನಿಂದ ಯಾರಿಗೂ ತಡವಾಗಬಾರದೆಂದು ಅವಳು ಸಹಿ ಹಾಕಿದಳು.

ಮನೆಯಲ್ಲಿ ದೊಡ್ಡಮ್ಮ ಪಾತ್ರೆಗಳನ್ನು ಒಂದೊಂದಾಗಿ ಕುಕ್ಕಿದರು. “ಎಲೆಯಲ್ಲಿ ಇದ್ರೆ ಎಲೆ ಕೀಳಿ, ಕೊಂಬೆಯಲ್ಲಿ ಇದ್ರೆ ಕೊಂಬೆ ಕಡೀರಿ. ಆಕಾಶದಲ್ಲಿದ್ರೆ ನಮ್ಮ ಮರ ಯಾಕ್ರೀ ಕಡೀಬೇಕು? ಆಕಾಶಾನ ಕಡೀಲಿ.” ಅವಳ ಕಡೆ ತಿರುಗಿದರು. “ಏ, ನೀನೇ ಹೇಳೇ. ಇದು ನಿಜಾನಾ?”

ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರು, ಕಿಟಕಿಯಲ್ಲಿ ಕ್ಷೌರದಂಗಡಿಯವನ ತಲೆ, ದೊಡ್ಡಮ್ಮನ ಕೈಯ ಸೌಟು, ಎಲ್ಲ ಅವಳ ಬಾಯಿಯನ್ನೇ ನೋಡಿದವು. ಬಾಯಿ ತೆರೆಯಿತು.

“ಅವಳನ್ನ ಯಾಕೆ ಗೋಳಾಡಿಸ್ತೀಯ?” ಎಂದರು ದೊಡ್ಡಪ್ಪ. ಗೋಡೆಗೆ ಒರಗಿ ಕೂತಿದ್ದರು. ಬೆರಳುಗಳಲ್ಲಿ ಕಸಿಗೆ ಕಟ್ಟುವ ದಾರದ ಒಂದು ತುಂಡು. “ಒಂದು ಮಾತು ಆಡಬೇಕಾದ್ರೆ ನಾಲ್ಕು ದಿನ ಯೋಚನೆ ಮಾಡೋ ಹುಡುಗಿ. ನಮ್ಮ ಮರದ ಮೇಲೆ ಸಹಿ ಹಾಕೋ ಮೊದಲು ಎಷ್ಟು ಸಂಕಟ ಪಟ್ಟಿರ್ತಾಳೆ. ಅವಳು ಹೇಳಿದ್ಮೇಲೆ ಮುಗೀತು. ಊರಿನ ತೋಟ ಉಳಿಯೋದಾದ್ರೆ ಕಡೀಲಿ.”

ತೆರೆದ ಬಾಯಿ ಮುಚ್ಚಿಕೊಂಡಿತು. ಬೈದಿದ್ದರೆ ಏನಾದರೂ ಹೊರಬರುತ್ತಿತ್ತೇನೋ. ಹೊಗಳಿದವರ ಮುಂದೆ ನಿಜ ಹೇಳುವುದು ಹೇಗೆಂದು ಅವಳು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ.

ಹನ್ನೆರಡನೆಯ ದಿನ ಬೆಳಗ್ಗೆ ಒಂಬತ್ತಕ್ಕೆ ತೋಟದಲ್ಲಿ ಜನ ಸೇರಿತು. ಹನ್ನೊಂದು ತೋಟಗಳವರೂ ಬಂದಿದ್ದರು. ಕೆಲವರು ಬೇಜಾರಿನಿಂದ, ಕೆಲವರು ಬೇಜಾರಾಗಿದೆಯೇ ಎಂದು ನೋಡಲು. ಅಧಿಕಾರಿಗಳು ಗಡಿಯಾರ ನೋಡಿಕೊಂಡರು. ಮೋಟಾರು ಗರಗಸದವನು ಹಗ್ಗ ಎಳೆದು ಶುರುಮಾಡಿದ್ದೇ, ಊರಿನ ಸದ್ದೆಲ್ಲ ಆ ಒಂದು ಸದ್ದಿನೊಳಗೆ ಹೋಯಿತು.

“ದೊಡ್ಡಪ್ಪ” ಎಂದಳು ಅವಳು.

ದೊಡ್ಡಪ್ಪ ಬಗ್ಗಿ ಕಿವಿ ಕೊಟ್ಟರು. ಅವಳು ಹೇಳಿದಳು. ಪೂರ್ತಿ ಹೇಳಿದಳೆಂದೇ ಅವಳ ನೆನಪು. ಕೇಳಿಸದಿದ್ದರೂ ತಲೆಯಾಡಿಸುವ ದೊಡ್ಡವರ ರೀತಿಯಲ್ಲಿ ಅವರು ತಲೆಯಾಡಿಸಿ, “ಹೌದು ಮಗಳೇ, ಧೂಳು. ನೀನು ಸ್ವಲ್ಪ ಆ ಕಡೆ ನಿಲ್ಲು” ಎಂದು ಅವಳ ಭುಜ ಹಿಡಿದು ಸರಿಸಿದರು. ಅವಳು ಮತ್ತೆ ಹೇಳಿದಳು. ಗರಗಸ ಮತ್ತೆ ಕೂಗಿತು. ಮುದುಕಿ ಮೊದಲು ಒಂದಿಷ್ಟು ಎಲೆ ಉದುರಿಸಿ, ಆಮೇಲೆ ಯಾವುದೋ ಮರೆತದ್ದು ನೆನಪಾದವಳಂತೆ ನಿಧಾನವಾಗಿ ವಾಲಿ, ಬಾವಿಕಟ್ಟೆಯ ಪಕ್ಕ ಉದ್ದಕ್ಕೆ ಮಲಗಿದಳು. ಗರಗಸ ನಿಂತಿತು. ತೋಟದಲ್ಲಿ ಸದ್ದಿಲ್ಲ. ಈಗ ಒಂದು ಪಿಸುಮಾತಾದರೂ ಎಲ್ಲರಿಗೂ ಕೇಳಿಸುತ್ತಿತ್ತು; ಆದ್ದರಿಂದಲೇ ಅವಳು ಸುಮ್ಮನಾದಳು.

“ಫೈಲಿಗೆ ಒಂದು ಚಿತ್ರ ಬೇಕು” ಎಂದರು ಅಧಿಕಾರಿಗಳು. “ನಾನು ನಿಂತ್ಕೋತೀನಿ. ತೆಗಿಯಮ್ಮ.”

ಅವರು ಮುದುಕಿಯ ಹಸಿ ಬುಡದ ಮೇಲೆ ಹತ್ತಿ, ಶರ್ಟಿನ ಸುಕ್ಕು ತೀಡಿ, ಗಂಭೀರವಾದರು. ಅವಳು ಕ್ಯಾಮೆರಾ ಎತ್ತಿದಳು. ಓರೆ ಮಾಡಲಿಲ್ಲ. ಮಂಡಿಯೂರಲಿಲ್ಲ. ಅವರ ಎದೆ ಎಡಮೂಲೆಗೆ ಬರುವ ಹಾಗೆ ನೆಟ್ಟಗೆ ಹಿಡಿದು ಗುಂಡಿ ಒತ್ತಿ, ಹಿಂದಿನ ಪರದೆಯನ್ನು ಅವರ ಕಡೆ ತಿರುಗಿಸಿ ಹಿಡಿದಳು.

“ಇದೇನು ನನ್ನ ಶರ್ಟ್ ಮೇಲೆ?” ಎಂದರು ಅಧಿಕಾರಿಗಳು. ಎದೆಯ ಉದ್ದಗಲಕ್ಕೂ ದಪ್ಪ ಬಾತುಕೋಳಿಯೊಂದು ಆರು ಮರಿಗಳನ್ನು ಕರೆದುಕೊಂಡು ಜೇಬಿನ ಕಡೆ ಹೊರಟಿತ್ತು.

“ಹರಡಿದೆ ಸರ್” ಎಂದರು ಮ್ಯಾನೇಜರು, ಅಭ್ಯಾಸಬಲದಿಂದ.

“ಯಾರಿಗೆ ಹರಡಿದೆ? ನನಗಾ? ನಾನು ಸರಿಯಾಗಿದ್ದೀನಲ್ರೀ. ಎಲ್ಲಿದೆ ರೋಗ?”

ಮೇಷ್ಟ್ರು ಗುಂಪಿನಿಂದ ಒಂದು ಹೆಜ್ಜೆ ಮುಂದೆ ಬಂದರು. ಈ ಕ್ಷಣಕ್ಕಾಗಿ ಅವರು ಮೂರು ವಾರ ಕಾದಿದ್ದರು.

“ಕಾಣಿಸ್ತಿಲ್ಲ ಅಲ್ವಾ ಸರ್?”

“ಇಲ್ಲ.”

“ಒಂದು ಚುಕ್ಕೆನೂ ಇಲ್ಲ?”

“ಇಲ್ಲ ಅಂದ್ನಲ್ಲ.”

“ಅದೇ ಮೊದಲನೇ ಹಂತ ಸರ್. ಮೂಲದಿಂದ ಕಡಿದು ಸುಡಬೇಕು ಅಂತ ತಾವೇ ಬರೆದಿದ್ದೀರಿ.”

ಅಧಿಕಾರಿಗಳು ಬುಡದಿಂದ ಕೆಳಗೆ ಜಿಗಿದರು. ಗರಗಸದವನು ಯಾಕೋ ಒಂದು ಹೆಜ್ಜೆ ಹಿಂದೆ ಸರಿದ. ಇಷ್ಟು ದಿನ ಯಾರ ತೋಟಕ್ಕೂ ಬಾರದ ಸಂಶಯ, ರೋಗ ತಮ್ಮ ಶರ್ಟಿಗೆ ಬಂದ ಕೂಡಲೇ ಅಧಿಕಾರಿಗಳಿಗೆ ಬಂತು. ಕ್ಯಾಮೆರಾ ಕಿತ್ತುಕೊಂಡು ಅದರ ಮುಖವನ್ನು ತಮ್ಮ ಕಡೆ ತಿರುಗಿಸಿ, ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಒಳಗೆ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಮ್ಯಾನೇಜರಿಗೆ ತೋರಿಸಿದರು. ಮೇಷ್ಟ್ರು ನೋಡಿದರು. ಕ್ಯಾಮೆರಾ ಕೈಯಿಂದ ಕೈಗೆ ಹೋಗಿ, ಕೊನೆಗೆ ದೊಡ್ಡಪ್ಪನ ಬಳಿ ಬಂತು. ಅವರು ಕಸಿಗಣ್ಣು ನೋಡುವ ಹಾಗೆ ಹತ್ತಿರ ಹಿಡಿದು ನೋಡಿ, ಎರಡೂ ಕೈಯಲ್ಲಿ ಜೋಪಾನವಾಗಿ ಅವಳಿಗೆ ಮರಳಿಸಿದರು. ಬಾವಿಕಟ್ಟೆಯ ಮೇಲೆ ಕೂತರು.

ಮೊದಲು ಚೇತರಿಸಿಕೊಂಡವರು ಮ್ಯಾನೇಜರು. ತಮ್ಮ ಕೋಲ್ಡ್ ರೂಮಿನ ನೆನಪಾಗಿರಬೇಕು. ದನಿಯಲ್ಲಿ ಜೇನು ಸುರಿಯಿತು. “ಪಾಪ, ಹುಡುಗಿಗೆ ಈಗಷ್ಟೇ ಗೊತ್ತಾಗಿದೆ ಸರ್. ಗೊತ್ತಾದ ತಕ್ಷಣ ನಮಗೆ ತೋರಿಸಿದ್ಳು. ಅಲ್ವೇನಮ್ಮ?”

“ಹೌದು, ಹೌದು” ಎಂದರು ಅಧಿಕಾರಿಗಳು. ಅವರಿಗೂ ಒಂದು ಸಹಿಯ ನೆನಪಾಗಿತ್ತು. “ಈಗ ಗೊತ್ತಾಗಿದ್ದು. ಬರೆದುಕೊಳ್ಳಿ. ನಲವತ್ತೊಂದು ಮರ ಉಳೀತಲ್ಲ, ಅದೇ ದೊಡ್ಡದು.”

ಯಾರೋ ನಕ್ಕರು. ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಮ್ಯಾನೇಜರಿಗೆ ಶಾಪ ಹಾಕತೊಡಗಿದರು. ಎಲ್ಲರೂ ಅವಳಿಗೆ ಒಂದು ದಾರಿ ಬಿಟ್ಟುಕೊಟ್ಟಿದ್ದರು, ಅಗಲವಾದ ದಾರಿ. ಅವಳು ಒಂದು ಸಲ ತಲೆಯಾಡಿಸಿದರೆ ಸಾಕಿತ್ತು. ತಲೆಯಾಡಿಸುವುದರಲ್ಲಿ ಅವಳನ್ನು ಮೀರಿಸುವವರು ಈ ಲೋಕದಲ್ಲಿ ಇರಲಿಲ್ಲ.

“ಅವಳನ್ನ ಏನು ಕೇಳೋದು” ಎಂದರು ದೊಡ್ಡಪ್ಪ, ಬಿದ್ದ ಮರದ ಒಂದು ರೆಂಬೆಯನ್ನು ತೊಡೆಯ ಮೇಲೆ ಎಳೆದುಕೊಂಡು, ಅದರ ಎಲೆಗಳನ್ನು ಒಂದೊಂದಾಗಿ ನೇವರಿಸುತ್ತ. “ಮೊದಲೇ ಗೊತ್ತಿದ್ರೆ ನನಗೆ ಹೇಳ್ತಿರಲಿಲ್ವಾ.”

ಅವಳು ಕ್ಯಾಮೆರಾವನ್ನು ನೆಲದ ಮೇಲಿಟ್ಟಳು.

“ಗೊತ್ತಿತ್ತು ದೊಡ್ಡಪ್ಪ” ಎಂದಳು. ಅವಳ ದನಿ ಇಷ್ಟು ದೊಡ್ಡದೆಂದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ, ಅವಳಿಗೂ. “ಹನ್ನೆರಡು ದಿನದಿಂದ ಗೊತ್ತಿತ್ತು.”